ಪಾಟಾ ಹೆಚ್ಚಿಸಿದರೆ ಬ್ರೇಕ್ ಹೆಚ್ಚುವುದಿಲ್ಲ

ಮಕ್ತಲ್‌ನಲ್ಲಿ ಉಪ್ಪನ ಅಂಗಡಿಗೆ ಪಿಕಪ್ ಬೇಕೇ ಬೇಕು. ಹಿಂದೆ ಒಂದು ಪಾಟಾ ಹೆಚ್ಚಿಗೆ ಹಾಕಿಸು ಎಂದು ನಾರಾಯಣಪೇಟೆಯಿಂದ ಗದ್ವಾಲ್‌ವರೆಗೂ ಹೇಳುವವರೇ. ನಾನು ಒಪ್ಪುವುದಿಲ್ಲ. ಪಾಟಾ ಹೆಚ್ಚಿದರೆ ಆಕ್ಸಲ್, ಟಯರ್, ಬ್ರೇಕ್ ದೊಡ್ಡದಾಗುತ್ತದೆಯೇ? ಲೋಡ್ ಸೆನ್ಸಿಂಗ್ ವಾಲ್ವ್ ಇರುವ ಗಾಡಿಯಾದರೆ ಇನ್ನೂ ಅಪಾಯ. ಮಾಲು ತುಂಬಿದರೂ ಬಾಡಿ ತಗ್ಗದ ಕಾರಣ, ಗಾಡಿ ಖಾಲಿಯೆಂದೇ ಲೆಕ್ಕ ಹಾಕಿ ಅದು ಹಿಂದಿನ ಚಕ್ರಕ್ಕೆ ಬ್ರೇಕ್ ಕಡಿಮೆ ಕೊಡುತ್ತದೆ.

ಮುಂದೆ ಬುಲ್ ಬಾರ್ ಬೇರೆ! ಅದರ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ.

ಉಳ್ಳಾಲದ ಕಡೆ ಗಾಡಿಗೆ ಉಪ್ಪುಗಾಳಿಯ ತುಕ್ಕು ಶತ್ರು, ಇಲ್ಲಿ ಧೂಳು. ಆ ದುಡ್ಡಿಗೆ ಏರ್ ಫಿಲ್ಟರ್ ಬದಲಿಸಿ, ಮನೆಯಂಗಳದಲ್ಲೇ ಗ್ರೀಸ್ ಹೊಡೆಯಿರಿ, ಬೆಳಿಗ್ಗೆ ಟಯರ್ ತಣ್ಣಗಿರುವಾಗ ಗಾಳಿ ನೋಡಿ. ಮಾಲು ಹೆಚ್ಚಾದರೆ ಎರಡು ಟ್ರಿಪ್ ಹೊಡೆಯಿರಿ ಕಾಕಾ, ಡೀಸೆಲ್ ಲೆಕ್ಕ ನಾನೇ ಬರೆದುಕೊಡುತ್ತೇನೆ.