ವಿಜ್ಞಾನ ವಿಹಾರ: ಒಂದು ಅಗುಳು ಸಾಲದು



ಕಳೆದ ತಿಂಗಳು ಸಂಘದ ವಾಚನಾಲಯದಲ್ಲಿ ಕುಳಿತಿದ್ದಾಗ ಹನ್ನೆರಡನೆಯ ತರಗತಿಯ ಹುಡುಗಿಯೊಬ್ಬಳು ಒಂದು ಕಾಗದ ಹಿಡಿದುಕೊಂಡು ಬಂದಳು. ಊರಿನಲ್ಲಿರುವ ಅವಳ ಅಜ್ಜನಿಗೆ ಮೂತ್ರಪಿಂಡದಲ್ಲಿ ಗಡ್ಡೆ. ಸೂಜಿ ಹಾಕಿ ತೆಗೆದ ತುಣುಕಿನ ಬಯಾಪ್ಸಿ ವರದಿ ಅದು.

"ಅಂಕಲ್, 'ಪರೀಕ್ಷಿಸಿದ ತುಣುಕಿನಲ್ಲಿ ಕಂಡಂತೆ' ಅಂತ ಬರೆದಿದ್ದಾರೆ. ಹಾಗಾದ್ರೆ ಉಳಿದ ಗಡ್ಡೆ ಬೇರೆ ಥರ ಇರಬಹುದಾ? ಅಜ್ಜ ಫೋನ್ ಮಾಡಿ ಕೇಳ್ತಾರೆ. ಇಂಗ್ಲಿಷ್‌ನಲ್ಲಿ ಅರ್ಥ ಆಗುತ್ತೆ, ಕನ್ನಡದಲ್ಲಿ ಹೇಳೋಕೆ ಬರಲ್ಲ."

ಅವಳಿಗೆ ಅಂದು ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ನಿಮಗೂ ಹೇಳುತ್ತೇನೆ.

ಅನ್ನ ಬೆಂದಿದೆಯೇ ಎಂದು ತಿಳಿಯಲು ನಮ್ಮ ಅಮ್ಮಂದಿರು ಒಂದು ಅಗುಳು ಹಿಸುಕಿ ನೋಡುತ್ತಾರೆ. ಪಾತ್ರೆಯ ಅನ್ನವೆಲ್ಲ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೇಯುವುದರಿಂದ ಆ ಲೆಕ್ಕ ಸರಿ. ಕ್ಯಾನ್ಸರ್ ಗಡ್ಡೆ ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಗಡ್ಡೆ ಒಂದೇ ಜೀವಕೋಶದಿಂದ ಹುಟ್ಟಿದರೂ, ಅದರ ಮಕ್ಕಳು ಮೊಮ್ಮಕ್ಕಳು ಬೆಳೆಯುತ್ತ ಬೇರೆ ಬೇರೆ ದಾರಿ ಹಿಡಿಯುತ್ತವೆ. ಪ್ರತಿ ತಲೆಮಾರಿನಲ್ಲೂ ವಂಶವಾಹಿಗಳಲ್ಲಿ, ಅಂದರೆ ಜೀನ್‌ಗಳಲ್ಲಿ, ಹೊಸ ತಪ್ಪುಗಳು ಸೇರುತ್ತವೆ. ಗಟ್ಟಿಯಾದವು ಉಳಿದು ಹಬ್ಬುತ್ತವೆ. ಅಮೆರಿಕದ ಪೀಟರ್ ನೋವೆಲ್ ಎಂಬ ವಿಜ್ಞಾನಿ ಈ ವಿಚಾರವನ್ನು 1976ರಲ್ಲೇ ಮಂಡಿಸಿದ್ದರು.

2012ರಲ್ಲಿ ಲಂಡನ್ನಿನ ಚಾರ್ಲ್ಸ್ ಸ್ವಾಂಟನ್ ಅವರ ತಂಡ ಇದಕ್ಕೆ ಕಣ್ಣಿಗೆ ಕಟ್ಟುವಂಥ ಪುರಾವೆ ಒದಗಿಸಿತು. ಅವರು ಆರಿಸಿಕೊಂಡದ್ದೂ ಮೂತ್ರಪಿಂಡದ ಕ್ಯಾನ್ಸರನ್ನೇ. ಒಂದೇ ರೋಗಿಯ ಗಡ್ಡೆಯ ಹಲವು ಜಾಗಗಳಿಂದ ತುಣುಕು ತೆಗೆದು ಜೀನ್‌ಗಳನ್ನು ಓದಿ ನೋಡಿದಾಗ, ಬದಲಾವಣೆಗಳಲ್ಲಿ ಶೇಕಡಾ 63ರಿಂದ 69ರಷ್ಟು ಎಲ್ಲ ಜಾಗಗಳಲ್ಲೂ ಇರಲಿಲ್ಲ. ಒಂದು ಮೂಲೆಯಲ್ಲಿ ಕಂಡದ್ದು ಇನ್ನೊಂದು ಮೂಲೆಯಲ್ಲಿಲ್ಲ! ಒಂದು ತುಣುಕನ್ನು ನೋಡಿ ಔಷಧಿ ಕೊಟ್ಟರೆ ಕೆಲವು ಜೀವಕೋಶಗಳು ಸಾಯಬಹುದು. ಆ ಔಷಧಿಗೆ ಜಗ್ಗದವು ಉಳಿದು ಮತ್ತೆ ಬೆಳೆಯಬಹುದು. ಹುಡುಗಿಯ ಪ್ರಶ್ನೆ ಎಷ್ಟು ಸರಿಯಾದದ್ದು, ನೋಡಿ.

ಹಾಗಾದರೆ ಪ್ರತಿ ಗಡ್ಡೆಯನ್ನೂ ಹತ್ತು ಕಡೆ ಕತ್ತರಿಸಿ ಜೀನ್ ಓದಿಸಬಾರದೇ? ಓದಿಸಬಹುದು, ಆದರೆ ಖರ್ಚು ಬಹಳ. ಇಲ್ಲಿಯೇ ಗಣಕಯಂತ್ರದ ಪ್ರವೇಶ.

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ನಡೆಯುವ ಕೆಲಸ ನೋಡಿ. ತುಣುಕನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದ ಅಚ್ಚಿನಲ್ಲಿ ಕೂರಿಸಿ, ಕೂದಲೆಳೆಗಿಂತಲೂ ಎಷ್ಟೋ ತೆಳ್ಳಗೆ ಹೆರೆಯುತ್ತಾರೆ. ಗಾಜಿನ ಮೇಲಿಟ್ಟು ಎರಡು ಬಣ್ಣ ಹಾಕುತ್ತಾರೆ. ಹೆಮಟಾಕ್ಸಿಲಿನ್ ಜೀವಕೋಶದ ಬೀಜವನ್ನು ನೀಲಿ ಮಾಡುತ್ತದೆ, ಇಯೋಸಿನ್ ಉಳಿದದ್ದನ್ನು ಗುಲಾಬಿ ಮಾಡುತ್ತದೆ. ಹೆಮಟಾಕ್ಸಿಲಿನ್ ಬರುವುದು ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ. ನೂರು ವರ್ಷಕ್ಕೂ ಮೇಲ್ಪಟ್ಟ ಈ ಅಗ್ಗದ ವಿಧಾನ ಇಂದಿಗೂ ಸಣ್ಣ ಊರಿನ ಪ್ರಯೋಗಾಲಯದಿಂದ ಹಿಡಿದು ದೊಡ್ಡ ಆಸ್ಪತ್ರೆಯವರೆಗೆ ಎಲ್ಲ ಕಡೆ ನಡೆಯುತ್ತದೆ.

ಈಗ ಆ ಗಾಜನ್ನು ಸ್ಕ್ಯಾನರಿನಲ್ಲಿಟ್ಟು ಚಿತ್ರ ತೆಗೆಯಬಹುದು. ಒಂದೊಂದು ಚಿತ್ರದಲ್ಲೂ ಕೋಟಿಗಟ್ಟಲೆ ಚುಕ್ಕೆಗಳು. ಅಷ್ಟು ದೊಡ್ಡದನ್ನು ಯಂತ್ರ ಒಂದೇ ಸಲ ನುಂಗಲಾರದು. ಆದ್ದರಿಂದ ರಂಗೋಲಿಯ ಚೌಕಗಳಂತೆ ಸಾವಿರಾರು ಸಣ್ಣ ಚೌಕ ಮಾಡಿ, ಒಂದೊಂದನ್ನೇ ಕೃತಕ ಬುದ್ಧಿಮತ್ತೆಗೆ ತೋರಿಸುತ್ತಾರೆ.

ಅಮೆರಿಕದ ಡಲ್ಲಾಸ್ ನಗರದ ಯುಟಿ ಸೌತ್‌ವೆಸ್ಟರ್ನ್ ವೈದ್ಯಕೀಯ ಕೇಂದ್ರದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಕೆಲಸ ಇಂಥದ್ದೇ. ಮೂತ್ರಪಿಂಡದ ಕ್ಯಾನ್ಸರಿನಲ್ಲಿ ಪದೇ ಪದೇ ಕೆಡುವ ಮೂರು ಜೀನ್‌ಗಳು ಬಿಎಪಿ1, ಪಿಬಿಆರ್‌ಎಂ1, ಎಸ್‌ಇಟಿಡಿ2. ಬಿಎಪಿ1 ಕೆಟ್ಟ ಗಡ್ಡೆಗಳು ಸಾಮಾನ್ಯವಾಗಿ ಹೆಚ್ಚು ಉಗ್ರ. ಜೀನ್ ಕೆಟ್ಟಿದೆಯೇ ಎಂದು ತಿಳಿಯಲು ಬೇರೊಂದು ವಿಶೇಷ ಬಣ್ಣದ ಪರೀಕ್ಷೆಯಿದೆ. ಆ ಪರೀಕ್ಷೆಯ ಚಿತ್ರವನ್ನೂ ಮಾಮೂಲಿ ನೀಲಿ-ಗುಲಾಬಿ ಚಿತ್ರವನ್ನೂ ಜೋಡಿ ಮಾಡಿ ಅವರು ಯಂತ್ರಕ್ಕೆ ಪಾಠ ಹೇಳಿದರು. 1,282 ರೋಗಿಗಳ ಸಾಮಗ್ರಿಯಲ್ಲಿ ಕಲಿಸಿ, ಬಳಿಕ ಬೇರೆ ರೋಗಿಗಳ ಚಿತ್ರ ಕೊಟ್ಟು ಪರೀಕ್ಷಿಸಿದರು. ನೀಲಿ-ಗುಲಾಬಿ ಚಿತ್ರವಷ್ಟನ್ನೇ ನೋಡಿ ಯಂತ್ರ ಗಡ್ಡೆಯ ಯಾವ ಭಾಗದಲ್ಲಿ ಜೀನ್ ಕೆಟ್ಟಿರಬಹುದೆಂದು ನಕ್ಷೆಯ ಹಾಗೆ ಗುರುತಿಸತೊಡಗಿತು. ಬಿಎಪಿ1ರ ವಿಷಯದಲ್ಲಿ ಅದರ ಊಹೆ ಚೆನ್ನಾಗಿತ್ತು. ಪಿಬಿಆರ್‌ಎಂ1ರಲ್ಲಿ ಅಷ್ಟು ಚೆನ್ನಾಗಿರಲಿಲ್ಲ.

ಇದು ಮಾಯೆಯಲ್ಲ. ಜೀನ್ ಕೆಟ್ಟರೆ ಜೀವಕೋಶದ ಚಹರೆ ಬದಲಾಗುತ್ತದೆ. ಬೀಜದ ಗಾತ್ರ, ಆಕಾರ, ಅಕ್ಕಪಕ್ಕದವುಗಳ ಜೊತೆ ಅದು ಕೂರುವ ರೀತಿ ಎಲ್ಲವೂ ಬೇರೆ. ಅನುಭವಿ ವೈದ್ಯರೂ ಇದನ್ನು ಗುರುತಿಸುತ್ತಾರೆ. ಆದರೆ ಸಾವಿರಾರು ಚೌಕಗಳನ್ನು ದಣಿಯದೆ ಎಣಿಸುವುದು ಯಂತ್ರಕ್ಕೆ ಸುಲಭ.

ಹಾಗೆಂದು ಯಂತ್ರದ ಮಾತನ್ನೇ ವೇದವಾಕ್ಯವೆಂದು ತಿಳಿಯಬೇಡಿ. ಅದು ಹೇಳುವುದು ಊಹೆ. ಖಚಿತಪಡಿಸಲು ಪರೀಕ್ಷೆ ಬೇಕೇ ಬೇಕು. ಇನ್ನೊಂದು ಅಪಾಯವೂ ಇದೆ. ಒಂದೊಂದು ಆಸ್ಪತ್ರೆಯಲ್ಲಿ ಬಣ್ಣ ಒಂದೊಂದು ಹದ. ಯಂತ್ರವು ರೋಗವನ್ನು ಬಿಟ್ಟು ಆಸ್ಪತ್ರೆಯನ್ನೇ ಗುರುತಿಸಿ ಉತ್ತರ ಹೇಳಿಬಿಡಬಹುದೆಂದು 2021ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ಪಾಠ ಓದದೆ, ಮೇಷ್ಟ್ರ ಮುಖ ನೋಡಿ ಉತ್ತರ ಹೇಳುವ ವಿದ್ಯಾರ್ಥಿಯ ಹಾಗೆ! ಅಲ್ಲಿಯ ಚಿತ್ರಗಳಲ್ಲಿ ಕಲಿತ ಯಂತ್ರವನ್ನು ಇಲ್ಲಿ ಹಾಗೆಯೇ ನಂಬುವಂತಿಲ್ಲ. ನಮ್ಮ ಜನರ, ನಮ್ಮ ಪ್ರಯೋಗಾಲಯಗಳ ಗಾಜುಗಳಲ್ಲೂ ಅದನ್ನು ಪರೀಕ್ಷಿಸಬೇಕು. 1941ರಲ್ಲಿ ಬಾಗಿಲು ತೆರೆದ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ, ಬೆಂಗಳೂರಿನ ಕಿದ್ವಾಯಿಗೆ ಊರೂರಿನಿಂದ ರೋಗಿಗಳು ಬರುತ್ತಾರೆ. ಗಣಕ ವಿಜ್ಞಾನವನ್ನೋ ವೈದ್ಯಕೀಯವನ್ನೋ ಓದುತ್ತಿರುವ ನಿಮ್ಮಂಥವರಿಗೆ ಇಲ್ಲಿ ಕೆಲಸ ಬೇಕಾದಷ್ಟಿದೆ.

ಮನೆಯಲ್ಲಿ ಯಾರಿಗಾದರೂ ಬಯಾಪ್ಸಿ ಆದರೆ ಒಂದು ಮಾತು ನೆನಪಿಡಿ. ವರದಿಯ ಕಾಗದದಷ್ಟೇ ಆ ಗಾಜಿನ ಸ್ಲೈಡು, ಮೇಣದ ಬ್ಲಾಕುಗಳೂ ಮುಖ್ಯ. ಇನ್ನೊಬ್ಬ ವೈದ್ಯರ ಅಭಿಪ್ರಾಯಕ್ಕೆ ಹೋದಾಗ ಅವನ್ನು ಕೇಳುತ್ತಾರೆ. ಅವು ಎಲ್ಲಿವೆ ಎಂದು ತಿಳಿದುಕೊಂಡಿರಿ. ಸಂಶಯವಿದ್ದರೆ ವೈದ್ಯರನ್ನು ಕೇಳಲು ಸಂಕೋಚ ಬೇಡ.

ಹುಡುಗಿ ಮರುವಾರ ಮತ್ತೆ ಬಂದಿದ್ದಳು. ಮೂತ್ರಪಿಂಡವನ್ನೇ ತೆಗೆದು, ಗಡ್ಡೆಯ ಹಲವು ಕಡೆಯಿಂದ ತುಣುಕು ಪರೀಕ್ಷಿಸುವುದೆಂದು ವೈದ್ಯರು ನಿರ್ಧರಿಸಿದ್ದಾರಂತೆ. ಇವಳು ಫೋನಿನಲ್ಲಿ, "ಅಜ್ಜಾ, ಈಗ ಒಂದೇ ಅಗುಳು ನೋಡಿದ್ದಾರೆ, ಪಾತ್ರೆಯ ಅನ್ನ ಇನ್ನೂ ನೋಡಬೇಕು" ಎಂದಳಂತೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಪಾತ್ರೆ ಇಳಿಸಿಯೇ ನೋಡ್ಲಿ ಬಿಡು ಮಗಾ" ಎಂದರಂತೆ.

ಅವಳ ಕನ್ನಡಕ್ಕೆ ನಾನು ಪೂರ್ತಿ ಅಂಕ ಕೊಟ್ಟೆ. ಅಜ್ಜ ಬೇಗ ಗುಣವಾಗಲಿ ಎಂದು ನಾವೆಲ್ಲ ಹಾರೈಸೋಣ. ನಿಮ್ಮ ಪ್ರಶ್ನೆಗಳಿದ್ದರೆ ಸಂಘದ ವಿಳಾಸಕ್ಕೆ ಬರೆದು ಕಳಿಸಿ. ಕನ್ನಡ ತಪ್ಪಾದರೂ ಚಿಂತೆಯಿಲ್ಲ.