ಒಮ್ಮೆ ಶಾಲೆ ಬಿಟ್ಟವರ ಓದು

ವಯಸ್ಕರ ಶಿಕ್ಷಣವೆಂದರೆ ಶಾಲೆಯ ಮೆಟ್ಟಿಲನ್ನೇ ಹತ್ತದವರು ನೆನಪಾಗುತ್ತಾರೆ. ಹತ್ತಿ, ಇಳಿದು ಹೋದವರು ನೆನಪಾಗುವುದಿಲ್ಲ. ಎರಡನೆಯದೋ ಮೂರನೆಯದೋ ಕ್ಲಾಸಿಗೆ ಬಿಟ್ಟವರಿಗೆ ಸಾಕ್ಷರತಾ ಕೇಂದ್ರದ ಕಲಿಕೆ ಸುಲಭವಾದೀತು ಎಂದುಕೊಳ್ಳುತ್ತೇವೆ. ಅಷ್ಟಿಷ್ಟು ಅಕ್ಷರ ಆಗಲೇ ಗೊತ್ತಲ್ಲ! ಆದರೆ ಅಕ್ಷರದ ಜೊತೆಗೆ ಅವರಿಗೆ ಇನ್ನೊಂದು ಪಾಠವೂ ಆಗಿರುತ್ತದೆ: ಓದು ನಿನ್ನಂಥವರಿಗಲ್ಲ. ಅಕ್ಷರ ಮರೆತರೂ ಆ ಪಾಠ ಮರೆಯುವುದಿಲ್ಲ.

'ನಾವೆಲ್ಲ ಏಟು ತಿಂದೇ ಕಲಿತದ್ದು' ಎನ್ನುವವರಿದ್ದಾರೆ. ಅವರು ಏಟು ತಿಂದೂ ಶಾಲೆಯಲ್ಲಿ ಉಳಿದವರು; ಬಿಟ್ಟುಹೋದವರ ಸಾಕ್ಷ್ಯ ಆ ಮಾತಿನಲ್ಲಿಲ್ಲ. ಏಟು, ಅವಮಾನಗಳು ಎಲ್ಲರಿಗೂ ಸಮನಾಗಿ ಬೀಳಲೂ ಇಲ್ಲ. ಬಾಲಕ ಅಂಬೇಡ್ಕರ್ ಮನೆಯಿಂದ ತಂದ ಗೋಣಿಯ ಮೇಲೆ ಬೇರೆಯಾಗಿ ಕೂರಬೇಕಿತ್ತು. ಹಿಂದಿ ಲೇಖಕ ಓಂಪ್ರಕಾಶ್ ವಾಲ್ಮೀಕಿಯವರಿಂದ ಮುಖ್ಯೋಪಾಧ್ಯಾಯರು ಶಾಲೆ ಗುಡಿಸಿಸಿದ್ದರು. ಇವರು ಬರೆದದ್ದರಿಂದ ನಮಗೆ ತಿಳಿಯಿತು. ಬರೆಯಲು ಕಲಿಯುವ ಮೊದಲೇ ಹೊರಬಿದ್ದವರ ಕಥೆ ಯಾರು ಬರೆಯಬೇಕು? ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರಲ್ಲಿ. ಇಂದು ನಲವತ್ತು, ಐವತ್ತು ದಾಟಿ ಸ್ಲೇಟು ಹಿಡಿಯುವವರ ಶಾಲೆ ಅದಕ್ಕೂ ಹಿಂದಿನದು.

ಭಯ ಕಲಿಕೆಯನ್ನು ಕೆಡಿಸುವ ಬಗೆಯೂ ಸ್ಪಷ್ಟವಿದೆ. 'ರಾಷ್ಟ್ರ' ಎಂದು ಓದಲು ಕಣ್ಣು ಷಕಾರದಿಂದ ಕೆಳಗಿಳಿದು ಎರಡು ಒತ್ತುಗಳನ್ನು ಕೂಡಿಸಬೇಕು. ಅಷ್ಟರಲ್ಲಿ ಮೊದಲ 'ರಾ' ಮನಸ್ಸಿನಿಂದ ಜಾರಬಾರದು. ಹೊಸಬರಿಗೆ ಇದಕ್ಕೇ ಗಮನವೆಲ್ಲ ಬೇಕು. ತಪ್ಪಿದರೆ ಪಕ್ಕದವರು ನಕ್ಕಾರು ಎಂಬ ಅಂಜಿಕೆ ಅದರಲ್ಲಿ ಅರ್ಧ ನುಂಗಿದರೆ ಪದ ಕೂಡುವುದಿಲ್ಲ. 'ನನ್ ತಲೆಗೆ ಹತ್ತಲ್ಲ' ಎಂಬ ಹಳೆಯ ತೀರ್ಪು ಮತ್ತೊಮ್ಮೆ ನಿಜವಾದಂತೆ ತೋರುತ್ತದೆ. ಮರುದಿನ ಕನ್ನಡಕ ಸಿಗಲಿಲ್ಲ, ಅದರ ಮರುದಿನ ಮನೆಗೆ ನೆಂಟರು. ಕಲಿಸುವವರು ಇದನ್ನು ನಿರಾಸಕ್ತಿ ಎನ್ನುತ್ತಾರೆ. ಹಿಂಸೆ ಅನುಭವಿಸಿದ ಮಹಿಳೆಯರ ಕಲಿಕೆಯ ಬಗ್ಗೆ ಪುಸ್ತಕ ಬರೆದ ಕೆನಡಾದ ಜೆನ್ನಿ ಹಾರ್ಸ್‌ಮನ್ ಈ ತಪ್ಪು ಗ್ರಹಿಕೆಯತ್ತಲೇ ಬೆರಳು ಮಾಡಿದ್ದಾರೆ.

ಹೀಗಿರುವಾಗ ಸಾಕ್ಷರತಾ ಕೇಂದ್ರಗಳು ಮತ್ತೆ ಶಾಲೆಯಂತೆಯೇ ನಡೆಯುವುದು ನನಗೆ ಸಂಕಟದ ವಿಷಯ. ಅದೇ ಕಟ್ಟಡ, ಅದೇ ಕರಿಹಲಗೆ, ಹಾಜರಿ, ಒಬ್ಬೊಬ್ಬರನ್ನೇ ಎಬ್ಬಿಸಿ ಕಾಗುಣಿತ ಹೇಳಿಸುವುದು. 2022ರಲ್ಲಿ ಶುರುವಾದ ನವಭಾರತ ಸಾಕ್ಷರತಾ ಕಾರ್ಯಕ್ರಮದಲ್ಲೂ ಕೊನೆಗೆ ಪರೀಕ್ಷೆ ಇದೆ. ಸರ್ಕಾರಕ್ಕೆ ಲೆಕ್ಕ ಬೇಕೆಂಬುದು ಸರಿ. ಆದರೆ ಆ ಲೆಕ್ಕಕ್ಕೆ ಪರೀಕ್ಷಾ ಕೊಠಡಿಯೇ ಬೇಕೆಂದಿಲ್ಲ; ಒಂದು ಅರ್ಜಿ ತುಂಬಿಸಿಯೂ ಕಲಿತದ್ದನ್ನು ತಿಳಿಯಬಹುದು.

ಬ್ರೆಜಿಲ್‌ನ ಪೌಲೋ ಫ್ರೇರೆ 1963ರಲ್ಲಿ ಆಂಜಿಕೋಸ್ ಪಟ್ಟಣದ ಸುಮಾರು 300 ದುಡಿಯುವ ಜನರಿಗೆ ಓದು ಕಲಿಸಿದಾಗ ತರಗತಿಯ ಬದಲು ವೃತ್ತ ಮಾಡಿ ಕೂರಿಸಿದರು. ಅಕ್ಷರಕ್ಕಿಂತ ಮೊದಲು ಚಿತ್ರಗಳನ್ನಿಟ್ಟು ಮಾತಾಡಿಸಿದರು. ನೀವು ಆಗಲೇ ಎಷ್ಟೋ ಬಲ್ಲವರು ಎಂಬುದು ಕಲಿಯುವವರಿಗೇ ಮನದಟ್ಟಾದ ಮೇಲೆ ಅಕ್ಷರ ಬಂತು, ಅದೂ ಅವರ ದುಡಿಮೆಯ ಪದಗಳಿಂದ.

ಇದನ್ನು ಇಲ್ಲಿ ಮಾಡಲು ದೊಡ್ಡ ಹಣ ಬೇಡ. ಸ್ವಯಂಸೇವಕರ ತರಬೇತಿಯಲ್ಲಿ ಒಂದು ದಿನವನ್ನು ಕೇಳಿಸಿಕೊಳ್ಳುವುದಕ್ಕೆ ಮೀಸಲಿಡಬೇಕು. ಶಾಲೆ ಯಾಕೆ ಬಿಟ್ಟಿರಿ ಎಂದು ಪಾಠ ಆರಂಭಿಸುವ ಮೊದಲು ಪ್ರತಿಯೊಬ್ಬರನ್ನೂ ಒಬ್ಬೊಬ್ಬರಾಗಿ ಕೇಳಬೇಕು. ಹೇಳಲು ಇಷ್ಟವಿಲ್ಲದಿದ್ದರೆ ಬಿಡಬೇಕು. ಗಟ್ಟಿಯಾಗಿ ಓದೆಂದು ಯಾರನ್ನೂ ಎಬ್ಬಿಸಬಾರದು. ಮೊದಲ ವಾರದ ಪಾಠ ಅವರ ಜಾಬ್ ಕಾರ್ಡ್, ಮಕ್ಕಳ ಹೆಸರು, ಊರಿನ ಬಸ್ಸಿನ ಬೋರ್ಡು ಇಷ್ಟರಿಂದಲೇ ಆಗಲಿ.