ವೈನಿಯ ನಾಲಿಗೆಗೆ ವೈನ್ ಪರೀಕ್ಷೆ

ನಮ್ಮ ಬಾಗಲಕೋಟೆ ಕಡೆ ‘ವೈನಿ’ ಅಂದರೆ ಅತ್ತಿಗೆ. ಹಾಗಾಗಿ ಬೆಳಗಾವಿಯ ನಾದಿನಿ ಫೋನ್ ಮಾಡಿ, ‘ವೈನಿ, ಇಲ್ಲಿ ವೈನ್ ಮೇಳ ಐತಿ, ಬರ್ರಿ’ ಎಂದಾಗ ಕೆರೂರಿನ ನಮ್ಮ ಮನೆಯಲ್ಲಿ ನಗುವೋ ನಗು. ಅತ್ತೆ ಮಾತ್ರ, ‘ಹೆಣ್ಮಕ್ಕಳಿಗೆ ಯಾಕಬೇಕವಾ ಅದು?’ ಅಂದರು.

ಆದರೂ ಹೋದೆ. ಮಳಿಗೆಯಾತ ಕೇಳದೆಯೇ ಸಿಹಿ ವೈನ್ ಮುಂದಿಟ್ಟು, ‘ಲೇಡೀಸ್‌ಗೆ ಇದೇ ಸರಿ ಮೇಡಂ, ಹಾರ್ಟಿಗೂ ಒಳ್ಳೇದು’ ಎಂದ. ಪಕ್ಕದ ಶಿರಾಜ್ ಕೇಳಿದರೆ, ‘ಅದು ಸ್ಟ್ರಾಂಗ್, ನಿಮಗೆ ಗೊತ್ತಾಗಲ್ಲ’ ಅಂತ ಉತ್ತರ!

ಗೊತ್ತಾಗಲ್ಲವೇ? ವಾಸನೆಯಲ್ಲೇ ಒಗ್ಗರಣೆ ಸೀದಿದ್ದು ಹೇಳುವವರು, ಒಂದು ಕಾಳು ಬಾಯಿಗೆ ಹಾಕಿ ಶೇಂಗಾ ಹಳೇದೋ ಹೊಸದೋ ಹೇಳುವವರು ನಾವು. ದ್ರಾಕ್ಷಿಯೇನು ದೂರದ್ದೇ? 2007ರ ರಾಜ್ಯ ವೈನ್ ನೀತಿಯ ನಂತರ ಬಾಗಲಕೋಟೆ, ವಿಜಯಪುರ, ಬೆಳಗಾವಿಗಳನ್ನು ಕೃಷ್ಣಾ ಕಣಿವೆಯ ವೈನ್ ವಲಯ ಎಂದೇ ಗುರುತಿಸಿದ್ದಾರೆ.

ಎಳೆಯ ಶಿರಾಜನ್ನು ಅಳೆಯುವುದು ಹೀಗೆ. ಇಳಕಲ್ ಸೀರೆಯ ಬಣ್ಣವನ್ನು ಬೆಳಕಿಗೆ ಹಿಡಿದು ನೋಡುತ್ತೀರಲ್ಲ, ಹಾಗೆ ಬಿಳಿ ಬಟ್ಟೆಯ ಮುಂದೆ ಗ್ಲಾಸನ್ನು ಓರೆ ಮಾಡಿ. ನೇರಳೆ ಹಣ್ಣಿನಂಥ ಗಾಢ ಬಣ್ಣ, ಅಂಚಿನಲ್ಲೂ ನೇರಳೆ ಛಾಯೆ ಇದ್ದರೆ ವೈನ್ ಎಳೆಯದು. ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ ಎಂದರ್ಥ.

ಗ್ಲಾಸನ್ನು ಮೆಲ್ಲಗೆ ತಿರುಗಿಸಿ ಮೂಸಿ. ಕಪ್ಪು ಹಣ್ಣುಗಳ ಜತೆ ಕರಿಮೆಣಸಿನ ಘಮ ಬರಬಹುದು. ಇದು ಭ್ರಮೆಯಲ್ಲ. ಆ ಘಮಕ್ಕೆ ಕಾರಣ ರೋಟಂಡೋನ್ ಎಂಬ ವಸ್ತು ಎಂದು 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ನಮ್ಮ ಮೆಣಸಿನಲ್ಲಿರುವುದೂ ಅದೇ! ವಿನಿಗರ್ ವಾಸನೆಯೋ, ಒದ್ದೆ ರಟ್ಟಿನ ವಾಸನೆಯೋ ಹೊಡೆದರೆ ವೈನ್ ಕೆಟ್ಟಿದೆ, ವಾಪಸ್ ಕೊಡಿ.

ಈಗ ಒಂದೇ ಗುಟುಕು. ಬಾಯ್ತುಂಬ ಆಡಿಸಿ. ನೀರಿಗೂ ಕೆನೆಹಾಲಿಗೂ ಇರುವ ವ್ಯತ್ಯಾಸ ನೆನಪಿಸಿಕೊಳ್ಳಿ. ಕೆನೆಹಾಲಿನಂತೆ ದಪ್ಪಗೆ ಅನ್ನಿಸಿದರೆ ಅದನ್ನೇ ‘ಫುಲ್ ಬಾಡಿ’ ಅನ್ನುವುದು. ವಸಡು ಹಿಡಿಯುವ ಒಗರು, ಕಡಕ್ ಚಹಾದಲ್ಲಿರುವಂಥದ್ದೇ ಟ್ಯಾನಿನ್. ಎಳೆಯ ವೈನಿನಲ್ಲಿ ಅದು ತುಸು ಜಾಸ್ತಿಯೇ. ಅಗಲ ಬಾಯಿಯ ಪಾತ್ರೆಯಲ್ಲಿ ಅರ್ಧ ಗಂಟೆ ಗಾಳಿಯಾಡಲು ಬಿಟ್ಟರೆ ಘಮ ಬಿಚ್ಚಿಕೊಳ್ಳುತ್ತದೆ, ಒಗರೂ ಅಷ್ಟು ಚುಚ್ಚುವುದಿಲ್ಲ. ಹುಳಿ, ಒಗರು, ಹಣ್ಣಿನ ರುಚಿ ಯಾವುದೂ ಒಂದನ್ನೊಂದು ತುಳಿಯದೆ, ಬಾಯಲ್ಲಿ ಹೊತ್ತು ನಿಂತರೆ ಒಳ್ಳೆ ವೈನ್. ನುಂಗಲೇಬೇಕಿಲ್ಲ, ಪರಿಣತರೂ ಉಗುಳುತ್ತಾರೆ.

‘ರೂಮ್ ಟೆಂಪರೇಚರ್’ ಎಂಬ ಮಾತು ನಮ್ಮ ಬೇಸಿಗೆಗೆ ಹೇಳಿದ್ದಲ್ಲ. 16ರಿಂದ 18 ಡಿಗ್ರಿ ಬೇಕು, ಆದ್ದರಿಂದ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ. ಕೆಂಪು ಚಟ್ನಿಯ ಜತೆಗಂತೂ ಬೇಡ. ಖಾರಕ್ಕೆ ಆಲ್ಕೋಹಾಲ್ ಸೇರಿದರೆ ಬಾಯಿ ಇನ್ನಷ್ಟು ಉರಿಯುತ್ತದೆ.

ಇನ್ನು ಆ ‘ಹಾರ್ಟಿಗೆ ಒಳ್ಳೇದು’ ಮಾತು. ಗೆಳತಿಯರೇ, ದಯವಿಟ್ಟು ನಂಬಬೇಡಿ. ಶಿರಾಜ್‌ನಲ್ಲಿ ಸಾಮಾನ್ಯವಾಗಿ ಶೇ 13–14ರಷ್ಟು ಆಲ್ಕೋಹಾಲ್ ಇರುತ್ತದೆ. ಇಷ್ಟು ಕುಡಿದರೆ ಸುರಕ್ಷಿತ ಎಂಬ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿಸುವ ವಸ್ತುಗಳಲ್ಲಿ ಆಲ್ಕೋಹಾಲೂ ಒಂದು. ಗರ್ಭಿಣಿಯರಂತೂ ಮುಟ್ಟಲೇಬಾರದು.

ಕುಡಿಯಿರಿ ಎಂದು ನಾನು ಹೇಳುತ್ತಿಲ್ಲ. ನಾನೂ ಎರಡು ಗುಟುಕಿಗೆ ಗ್ಲಾಸ್ ಕೆಳಗಿಟ್ಟೆ. ಆದರೆ ‘ಒಗರು ಜಾಸ್ತಿ ಆತು, ಇನ್ನೊಂದ್ ವರ್ಷ ಇಡ್ರಿ’ ಎಂದು ಹೇಳಿಯೇ ಇಟ್ಟೆ! ಬೇಕು ಅನ್ನುವುದಿರಲಿ, ಬೇಡ ಅನ್ನುವುದಿರಲಿ, ಅದನ್ನು ನಿಮ್ಮ ನಾಲಿಗೆಯೇ ಹೇಳಲಿ. ಮಳಿಗೆಯಾತ ಯಾಕೆ ಹೇಳಬೇಕು, ಅಲ್ಲವೇ?